ರತ್ನಾಬಾಯಿ ಮುಚ್ಚಿಟ್ಟ ಅಮೆರಿಕದ ಊರು

ಲಂಡನ್ನಿನ ಹೌನ್ಸ್ಲೋ ಕಡೆಯ ಕನ್ನಡದವರ ಮಕ್ಕಳಿಗೆ ಕನ್ನಡ ಕಲಿಸುವವರು ಯಾರು ಎಂದು ಯಾರನ್ನು ಕೇಳಿದರೂ ಇಪ್ಪತ್ತನಾಲ್ಕು ವರ್ಷ ಒಂದೇ ಹೆಸರು ಬರುತ್ತಿತ್ತು: ರತ್ನಾಬಾಯಿ. ಇನ್ನೊಂದು ಹೆಸರು ಬರುವುದಕ್ಕೆ ಅವಳು ಬಿಟ್ಟಿದ್ದರೆ ತಾನೆ! ಶನಿವಾರ ಹತ್ತು ಗಂಟೆಗೆ ಚರ್ಚಿನ ಹಾಲ್ ಬಾಗಿಲು ತೆಗೆಯುವವಳು ಅವಳು, ಗೋಡೆಗೆ ಒರಗಿಸಿಟ್ಟ ಕುರ್ಚಿಗಳನ್ನು ಬಿಡಿಸಿ ಹಾಕುವವಳು ಅವಳು, ಬೋರ್ಡು ಒರೆಸುವವಳೂ ಅವಳೇ. ಹಾಲಿನ ಕೀಲಿಕೈ ಅವಳ ಪರ್ಸಿನಲ್ಲಿರುತ್ತಿತ್ತು. ನೂರಾಮೂರು ಜ್ವರ ಬಂದರೂ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ ಮಹಾತಾಯಿ.

ಹುಟ್ಟಿದ್ದು ಧಾರವಾಡದಲ್ಲಿ. ಎಪ್ಪತ್ತೊಂದರಲ್ಲಿ ಗಂಡ ಡಾಕ್ಟರ್ ಲಕ್ಷ್ಮೀಶನ ಜೊತೆ, ಮೂರು ವರ್ಷದ ಮಗಳು ಪ್ರಾಚಿಯನ್ನು ಸೊಂಟಕ್ಕೇರಿಸಿಕೊಂಡು ಹೀಥ್ರೂದಲ್ಲಿ ಇಳಿದಳು. ಇಳಿದ ಜಾಗದಿಂದ ನಾಲ್ಕು ಮೈಲಿ ಬಂದು ಹೌನ್ಸ್ಲೋದಲ್ಲಿ ಮನೆ ಮಾಡಿದವಳು ಮತ್ತೆ ಅಲ್ಲಿಂದ ಕದಲಲಿಲ್ಲ. ಲಕ್ಷ್ಮೀಶನದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಟ್ಟು ಮಲಗಿಸುವ ಕೆಲಸ. ಮನೆಗೆ ಬಂದರೆ ಸೋಫಾದ ಮೇಲೆ ಯಾವ ಅರಿವಳಿಕೆಯೂ ಇಲ್ಲದೆ ತಾನೇ ಮಲಗುತ್ತಿದ್ದ.

ಪ್ರಾಚಿ ಶಾಲೆಗೆ ಹೋಗತೊಡಗಿದ ಮೇಲೆ ಅಮ್ಮನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡತೊಡಗಿದಳು. "ಊಟಕ್ಕ ಬಾರವಾ" ಅಂದರೆ "ಕಮಿಂಗ್, ಮಮ್". ಇದನ್ನು ಹೀಗೇ ಬಿಟ್ಟರೆ ಕೆಟ್ಟೆವು ಎಂದು ಎಪ್ಪತ್ತಾರರಲ್ಲಿ ರತ್ನಾಬಾಯಿ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಐದು ಮಕ್ಕಳನ್ನು ಕೂರಿಸಿ ಕನ್ನಡ ಪಾಠ ಶುರುಮಾಡಿದಳು. ಮಕ್ಕಳು ಹೆಚ್ಚಾದವು, ಪಾಠ ಚರ್ಚಿನ ಹಾಲಿಗೆ ಹೋಯಿತು. ಯಾರಿಗಾಗಿ ಶುರುವಾಯಿತೋ ಆ ಪ್ರಾಚಿ ಮಾತ್ರ ಹನ್ನೊಂದನೆಯ ವಯಸ್ಸಿಗೆ "ಬೋರಿಂಗ್" ಎಂದು ಬಿಟ್ಟು ಎದ್ದಳು. ಆ ಒಂದು ಮಾತು ರತ್ನಾಬಾಯಿಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಪ್ರಾಚಿಗೆ ಮದುವೆಯಾಗಿ ಗಾರ್ಗಿ ಹುಟ್ಟಿದಾಗ ರತ್ನಾಬಾಯಿ ಮನಸ್ಸಿನಲ್ಲೇ ಹಟ ಹಿಡಿದಳು. ಮಗಳು ಕೈತಪ್ಪಿದಳು, ಹೋಗಲಿ, ಮೊಮ್ಮಗಳು ತಪ್ಪಬಾರದು. ಈ ಕೂಸು ನನ್ನ ಜೊತೆ ಕನ್ನಡದಲ್ಲಿ ಮಾತಾಡಬೇಕು. "ಅಜ್ಜಿ, ನೀರು" ಎಂಬ ಗಿಣಿಪಾಠ ಅಲ್ಲ. ಒಂದು ಪೂರಾ ವಾಕ್ಯ, ತಾನಾಗಿ, ಯಾರೂ ಹೇಳಿಕೊಡದೆ. ಪ್ರಾಚಿಗೆ ಏರ್‌ಪೋರ್ಟಿನಲ್ಲಿ ಪಾಳಿ ಕೆಲಸವಾದ್ದರಿಂದ ಶುಕ್ರವಾರ ಸಂಜೆ ಮಗುವನ್ನು ಇಲ್ಲಿ ಬಿಟ್ಟರೆ ಭಾನುವಾರ ಬಂದು ಕರೆದೊಯ್ಯುತ್ತಿದ್ದಳು. ಗಾರ್ಗಿಗೆ ಎಲ್ಲ ತಿಳಿಯುತ್ತಿತ್ತು. ಅಜ್ಜಿ ಬೈದರೆ ತಿಳಿಯುತ್ತಿತ್ತು, ಫೋನಿನಲ್ಲಿ ಪಿಸುಗುಟ್ಟಿ ಆಡಿಕೊಂಡರೂ ತಿಳಿಯುತ್ತಿತ್ತು. ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷು. ಹೀಗೆ ಎಂಟು ವರ್ಷ ಕಳೆದರೂ ಆ ಒಂದು ವಾಕ್ಯ ಬರಲಿಲ್ಲ, ಅಜ್ಜಿ ಕಾಯುವುದನ್ನೂ ಬಿಡಲಿಲ್ಲ.

ಅಂಥ ಹೊತ್ತಿನಲ್ಲಿ ವಕ್ಕರಿಸಿದಳು ನೋಡಿ, ಕೃತಿ.

ಬೆಂಗಳೂರಿನ ಜಯನಗರದ ಹುಡುಗಿ, ಇಪ್ಪತ್ತೆಂಟು ವರ್ಷ ಇರಬಹುದು. ಗಂಡ ಶಿಶಿರ್ ಕಂಪ್ಯೂಟರಿನವನು. ಇಸವಿ ಎರಡು ಸಾವಿರಕ್ಕೆ ತಿರುಗುವಾಗ ಜಗತ್ತಿನ ಕಂಪ್ಯೂಟರೆಲ್ಲ ಕೆಟ್ಟುಹೋಗುತ್ತವೆ ಎಂದು ಎಲ್ಲರೂ ಹೆದರಿದ್ದರಲ್ಲ, ಆ ಹೆದರಿಕೆಯ ಪುಣ್ಯದಿಂದ ಅಮೆರಿಕದ ನೆಬ್ರಾಸ್ಕಾದಲ್ಲಿ ಒಂದು ಬಿತ್ತನೆ ಬೀಜದ ಕಂಪನಿಗೆ ಅವನನ್ನು ಕಳಿಸಿದ್ದರು. ಕಂಪನಿ ಇದ್ದದ್ದು ಮಿಲ್ಲರ್ಸ್ ಬೆಂಡ್ ಎಂಬ ಸಣ್ಣ ಊರಿನಲ್ಲಿ. ಗಂಡ ಹೆಂಡತಿ ಮೂರು ವರ್ಷ ಅಲ್ಲಿದ್ದು, ಇಸವಿ ತಿರುಗಿ ಯಾವ ಕಂಪ್ಯೂಟರೂ ಕೆಡದೆ ಹೋದ ಮೇಲೆ ಹೌನ್ಸ್ಲೋಗೆ ಬಂದರು. ಕೃತಿಗೆ ಕೆಲಸ ಇರಲಿಲ್ಲ. "ಆಂಟಿ, ನಾನೂ ಸಹಾಯಕ್ಕೆ ಬರಲಾ?" ಎಂದು ಕೇಳಿದಳು. ಬಾ, ಕುರ್ಚಿ ಹಾಕು ಎಂದಳು ರತ್ನಾಬಾಯಿ.

ಒಂದು ತಿಂಗಳು ಕೃತಿ ಕುರ್ಚಿಯನ್ನೇ ಹಾಕಿದಳು. ಆಮೇಲೆ ಫೆಬ್ರವರಿಯಲ್ಲಿ ರತ್ನಾಬಾಯಿಯ ಗಂಟಲು ಕಟ್ಟಿತು. ಅವಳು ಕಲಿಸುವುದೆಲ್ಲ ಗಂಟಲಿನಿಂದಲೇ. "ಹೇಳ್ರಿ: ಆನೆ" ಎಂದು ಅವಳು ಕೂಗಬೇಕು, ಹದಿನಾಲ್ಕು ಮಕ್ಕಳು "ಆನೆ" ಎಂದು ಗೊಣಗಬೇಕು. "ಹೇಳ್ರಿ: ಇಲಿ." ಧ್ವನಿಯೇ ಇಲ್ಲದಿದ್ದರೆ ಏನು ಮಾಡುವುದು? ಮಫ್ಲರು ಸುತ್ತಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತು, ಅರ್ಧ ಗಂಟೆ ಮಕ್ಕಳು ಗಲಾಟೆ ಮಾಡದ ಹಾಗೆ ನೋಡಿಕೋ ಎಂದು ಕೃತಿಗೆ ಸನ್ನೆ ಮಾಡಿದಳು.

ಕೃತಿ ಬೋರ್ಡಿನ ಹತ್ತಿರಕ್ಕೂ ಹೋಗಲಿಲ್ಲ. ಮೇಜಿನ ತುದಿಯಲ್ಲಿ ಕುಳಿತು ಕಾಲು ಅಲ್ಲಾಡಿಸುತ್ತಾ, "ನಾನು ಮೂರು ವರ್ಷ ಒಂದು ಊರಲ್ಲಿದ್ದೆ," ಎಂದಳು. "ಆ ಊರಲ್ಲಿ ಎಷ್ಟು ಜನ ಇದ್ರು? ಊಹಿಸಿ ನೋಡೋಣ."

"ಟೆನ್ ಮಿಲಿಯನ್!" ಎಂದ ಭಾರ್ಗವ. ಅವನಿಗೆ ಒಂಬತ್ತು ವರ್ಷ.

"ಮೂರು ಸಾವಿರದ ಇನ್ನೂರ ಆರು. ಊರು ಶುರುವಾಗೋ ಕಡೆ ಒಂದು ಬೋರ್ಡ್ ಮೇಲೆ ಬರೆದಿತ್ತು. ನಾನೂ ಶಿಶಿರ್ ಅಂಕಲ್ಲೂ ಹೋದ್ವಲ್ಲ, ಮಾರನೇ ವಾರ ಒಬ್ರು ತಾತ ಏಣಿ ಹತ್ತಿ, ಆರನ್ನ ಅಳಿಸಿ ಎಂಟು ಅಂತ ಬರೆದ್ರು."

ಭಾರ್ಗವ ಕೈ ಎತ್ತಿದ. "ಆಂಟಿ, ಯಾರಾದ್ರೂ ಸತ್ರೆ ಮತ್ತೆ ಅಳಿಸ್ತಾರಾ?"

ಕನ್ನಡದಲ್ಲಿ ಕೇಳಿದ! ಇಪ್ಪತ್ತನಾಲ್ಕು ವರ್ಷದಲ್ಲಿ ಆ ಕ್ಲಾಸಿನಲ್ಲಿ ಒಂದು ಮಗು ಕನ್ನಡದಲ್ಲಿ ಪ್ರಶ್ನೆ ಕೇಳಿರಲಿಲ್ಲ. ಟಾಯ್ಲೆಟ್ಟಿಗೆ ಹೋಗಬೇಕಾದರೂ ಇಂಗ್ಲಿಷಿನಲ್ಲೇ ಕೇಳಿದ್ದವು. ಟೀಚರಾದವಳು ಹಿಗ್ಗಬೇಕಿತ್ತು. ರತ್ನಾಬಾಯಿಗೆ ಹಿಗ್ಗು ಬರಲಿಲ್ಲ, ಹೊಟ್ಟೆಯೊಳಗೆ ಯಾರೋ ಕೆಂಡ ಇಟ್ಟ ಹಾಗಾಯಿತು.

ಗಂಟಲು ಸರಿಯಾದರೂ ಅರ್ಧ ಗಂಟೆ ಕೃತಿಯದೇ ಆಗಿ ಉಳಿಯಿತು, ಮಕ್ಕಳು ಬಿಟ್ಟರೆ ತಾನೆ ಕಿತ್ತುಕೊಳ್ಳಲು! ಒಂದು ವಾರ ಮಿಲ್ಲರ್ಸ್ ಬೆಂಡಿನ ಪೋಸ್ಟಾಫೀಸು, ಅಲ್ಲಿನ ಹೆಂಗಸು ಬೆಂಗಳೂರಿನ ಕಾಗದ ಬಂದರೆ ಸ್ಟಾಂಪ್ ಬೇಡಿ ಇಟ್ಟುಕೊಳ್ಳುವುದು. ಒಂದು ವಾರ ಹಳದಿ ಸ್ಕೂಲ್ ಬಸ್ಸು. ಒಂದು ವಾರ ಮನುಷ್ಯನ ತಲೆಗಿಂತ ಎತ್ತರ ಬೆಳೆದ ಮೆಕ್ಕೆಜೋಳದ ಹೊಲದಲ್ಲಿ ದಾರಿ ತಪ್ಪಿದ ಕಥೆ. ಹೊಲ ಎಂದರೆ ಏನು, ತೆನೆ ಎಂದರೆ ಏನು, ಏಣಿ ಎಂದರೆ ಏನು ಎಂದು ಮಕ್ಕಳು ತಾವಾಗಿ ಕೇಳಿ ಕಲಿತವು. ಭಾರ್ಗವನ ತಾಯಿ ಜಯಾ ಒಂದು ಶನಿವಾರ ನಗುನಗುತ್ತಾ, "ರತ್ನಾ ಆಂಟಿ, ಈಗ ನಿಮ್ಮ ಕ್ಲಾಸಿಗೆ ಜೀವ ಬಂತು ನೋಡಿ," ಎಂದಳು. ಹಾಗಾದರೆ ಇಷ್ಟು ವರ್ಷ ನಾನು ಹೆಣ ಕಾಯುತ್ತಿದ್ದೆನೆ? ಎಂದು ಬಾಯಿ ತನಕ ಬಂದದ್ದನ್ನು ರತ್ನಾಬಾಯಿ ನುಂಗಿಕೊಂಡಳು.

ಇದನ್ನಾದರೂ ತಡೆದುಕೊಳ್ಳುತ್ತಿದ್ದಳೇನೋ. ಏಪ್ರಿಲ್ಲಿನಲ್ಲಿ ಒಂದು ದಿನ ಪಾಠ ಮುಗಿಸಿ ಬಸ್ ಸ್ಟಾಪಿನಲ್ಲಿ ನಿಂತಿದ್ದರು, ಅಜ್ಜಿ, ಮೊಮ್ಮಗಳು, ಕೃತಿ. ಗಾರ್ಗಿ ಅಜ್ಜಿಯ ಕೈ ಬಿಡಿಸಿಕೊಂಡು ಆ ಕಡೆ ತಿರುಗಿ, "ಕೃತಿ ಆಂಟಿ, ಆ ಊರಿನ ಲೈಬ್ರರೀಲಿ ಬೆಕ್ಕು ಇದೆಯಾ?" ಎಂದಳು.

ಪೂರಾ ವಾಕ್ಯ, ತಾನಾಗಿ ಬಂದದ್ದು, ಯಾರೂ ಹೇಳಿಕೊಟ್ಟದ್ದಲ್ಲ. ಎಂಟು ವರ್ಷ ಬೇಡಿದ್ದು ಬಂದೇಬಿಟ್ಟಿತು, ಆದರೆ ಬಂದದ್ದು ಇನ್ನೊಬ್ಬಳ ಮಡಿಲಿಗೆ. ಅದೂ "ಇದೆಯಾ" ಎಂದು ಜಯನಗರದ ಕನ್ನಡದಲ್ಲಿ! "ಇದೆ ಪುಟ್ಟಾ, ಎರಡಿದೆ," ಎಂದು ಕೃತಿ ಮಗುವಿನ ತಲೆ ಸವರಿದಳು. ಬಸ್ಸು ಬಂದು ಬಾಗಿಲು ತೆರೆದರೂ ರತ್ನಾಬಾಯಿಗೆ ಗೊತ್ತಾಗಲಿಲ್ಲ. ಡ್ರೈವರ್ ಎರಡು ಸಲ ಕರೆಯಬೇಕಾಯಿತು.

ಅಂದಿನಿಂದ ಅವಳು ಮೊಸರಲ್ಲಿ ಕಲ್ಲು ಹುಡುಕತೊಡಗಿದಳು. ಕೃತಿ ಮೇಜಿನ ಮೇಲೆ ಕೂರುತ್ತಾಳೆ, ಸರಸ್ವತಿಗೆ ಅಪಚಾರ. ಕುಂಕುಮ ಇಡುವುದಿಲ್ಲ, ಸ್ಟಿಕ್ಕರ್ ಅಂಟಿಸುತ್ತಾಳೆ. ಅವಳ ಅವಲಕ್ಕಿಯಲ್ಲಿ ಉಪ್ಪು ಹೆಚ್ಚು. ಮನೆಗೆ ಬಂದು ಗಂಡನ ಮುಂದೆ ಒದರುವಳು: "ಲಂಡನ್ನಿನ ಮಕ್ಕಳಿಗೆ ಅಮೆರಿಕಾದ ಯಾವುದೋ ಹಳ್ಳಿ ಯಾಕ ಬೇಕ್ರಿ? ಗೆದ್ದಲ ಕಷ್ಟಪಟ್ಟು ಹುತ್ತ ಕಟ್ಟಿತಂತ, ಹಾವು ಬಂದು ಹಾಯಾಗಿ ಮಲಗಿತಂತ!"

ಲಕ್ಷ್ಮೀಶ ಪೇಪರಿನ ಹಿಂದಿನಿಂದ, "ಹೊಟ್ಟಿ ಉರಿಗೆ ನಮ್ಮ ಡಿಪಾರ್ಟ್‌ಮೆಂಟಿನಾಗ ಔಷಧ ಇಲ್ಲ, ಜಿಪಿ ಡಾಕ್ಟರ್ ಕಡೆ ಹೋಗಬೇಕು," ಎಂದ.

"ನನಗೇನ ಹೊಟ್ಟಿ ಉರಿ? ಆ ನಿನ್ನೆ ಮೊನ್ನೆ ಹುಡುಗಿ ಮ್ಯಾಲೆ? ಥೂ!"

ಥೂ ಎಂದವಳು ಅದೇ ರಾತ್ರಿ ಊಟದ ಮೊದಲು ಒಂದು ನೋಟ್ ಬುಕ್ ತೆಗೆದು ಕುಳಿತಳು. ಅವಳಿಗೆ ಮಿಲ್ಲರ್ಸ್ ಬೆಂಡ್ ಇದ್ದರೆ ನನಗೆ ಹೌನ್ಸ್ಲೋ ಇಲ್ಲವೆ? ಮೂವತ್ತು ವರ್ಷ ಬಾಳಿದ ಊರು. "ಹೌನ್ಸ್ಲೋ ಲಂಡನ್ನಿನ ಪಶ್ಚಿಮ ದಿಕ್ಕಿನಲ್ಲಿದೆ," ಎಂದು ಬರೆದಳು. ಮುಂದೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಇರುವುದನ್ನೇ ಮುಂದಿನ ಶನಿವಾರ ಹೇಳಿ ನೋಡಿದಳು. ಪ್ರತಿ ಎರಡು ನಿಮಿಷಕ್ಕೆ ಹಾಲಿನ ಮೇಲೆ ವಿಮಾನ ಹಾಯುತ್ತಿತ್ತು, ಅದು ದಾಟುವ ತನಕ ಬಾಯಿ ಮುಚ್ಚಿ ಕಾಯಬೇಕು. "ಇಲ್ಲೆ ಒಂದು ದೊಡ್ಡ ಬಸ್ ನಿಲ್ದಾಣ ಅದ" ಎಂದಾಗ ಭಾರ್ಗವ ಆಕಳಿಸಿ, "ವಿ ನೋ, ಮಿಸ್," ಎಂದ. ಗಾರ್ಗಿ ಡೆಸ್ಕಿನ ಮೇಲೆ ಬೆರಳಿನಿಂದ ಬೆಕ್ಕು ಬರೆಯುತ್ತಿದ್ದಳು. ನೋಟ್ ಬುಕ್ ಅಡಿಗೆಮನೆಯ ಡ್ರಾಯರಿಗೆ ಹೋಯಿತು.

ಬೇಸಿಗೆ ರಜೆ ಮುಗಿದ ಮೇಲೆ ಕೃತಿ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಮಕ್ಕಳನ್ನು ಕಟ್ಟಿಕೊಂಡು ಆ ಊರನ್ನು ಪರಿಚಯಿಸುವ ಒಂದು ಪುಸ್ತಕವನ್ನೇ ಮಾಡಿದಳು. ದಪ್ಪ ಡ್ರಾಯಿಂಗ್ ಹಾಳೆ, ಹದಿನಾರು ಪುಟ, ಕೆಂಪು ಉಣ್ಣೆಯ ದಾರದಿಂದ ಹೊಲಿದದ್ದು. ಚಿತ್ರ ಮಕ್ಕಳದು, ಅಕ್ಷರ ಕೃತಿಯದು. ಇದ್ದದ್ದು ಒಂದೇ ಪ್ರತಿ. ಆ ವರ್ಷ ವಿಜಯದಶಮಿ ಶನಿವಾರವೇ ಬಂದಿತ್ತು. ಅಂದು ಹಾಲಿನಲ್ಲಿ ಎಲ್ಲ ಮನೆಯವರೂ ಸೇರುವುದು, ಮಕ್ಕಳು ಒಬ್ಬೊಬ್ಬರಾಗಿ ಒಂದೊಂದು ಪುಟ ಓದುವುದು ಎಂದು ತೀರ್ಮಾನವಾಯಿತು. ಮೊದಲನೆಯ ಪುಟ ಗಾರ್ಗಿಯದು. ಕಾರ್ಡ್‌ಬೋರ್ಡಿನ ಹಳದಿ ಬಸ್ಸನ್ನು ಹೆಗಲಿಗೆ ನೇತುಹಾಕಿಕೊಂಡು ಅವಳು ಓದಬೇಕು. ಮೂರು ವಾರ ಆ ಹುಡುಗಿ ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದಳು. ಅಜ್ಜಿ ಒಳಗೆ ಬಂದರೆ ನಿಲ್ಲಿಸಿಬಿಡುವಳು, "ಇಟ್ಸ್ ಎ ಸರ್ಪ್ರೈಸ್."

ಇನ್ನು ಸರಸ್ವತಿ ಪೂಜೆಯ ವಿಷಯ ಹೇಳಬೇಕು. ನವರಾತ್ರಿಯಲ್ಲಿ ಪುಸ್ತಕಗಳನ್ನು ದೇವರ ಮುಂದೆ ಇಟ್ಟು ಪೂಜೆ ಮಾಡುತ್ತಾರೆ, ವಿಸರ್ಜನೆ ಆಗುವ ತನಕ ಅವನ್ನು ಮುಟ್ಟುವಂತಿಲ್ಲ, ಓದುವಂತಿಲ್ಲ. ವಿಸರ್ಜನೆ ಯಾವಾಗ ಎಂದು ಪಂಚಾಂಗದಲ್ಲಿ ನಕ್ಷತ್ರ ನೋಡಿ ಹೇಳಬೇಕು. ಪಂಚಾಂಗದಲ್ಲಿರುವುದು ಹಿಂದೂಸ್ಥಾನದ ಗಂಟೆ, ಅದರಲ್ಲಿ ನಾಲ್ಕೂವರೆ ಗಂಟೆ ಕಳೆದು ಲಂಡನ್ನಿನ ಗಂಟೆ ಮಾಡಿಕೊಳ್ಳಬೇಕು. ಈ ಲೆಕ್ಕದಲ್ಲಿ ಹೌನ್ಸ್ಲೋದಿಂದ ಲಂಡನ್ನಿನ ಆ ತುದಿಯ ಈಸ್ಟ್ ಹ್ಯಾಮ್‌ವರೆಗೆ ಜನ ರತ್ನಾಬಾಯಿಯನ್ನೇ ನಂಬಿದ್ದರು. ಪ್ರತಿವರ್ಷ ಧಾರವಾಡದಿಂದ ಟಪಾಲಿನಲ್ಲಿ ಅವಳಿಗೆ ಪಂಚಾಂಗ ಬರುತ್ತಿತ್ತು, ಅವಳು ಫೋನಿನಲ್ಲಿ ಏನು ಹೇಳಿದರೂ ಅದೇ ವೇದವಾಕ್ಯ.

ಕ್ಲಾಸಿನ ಪುಸ್ತಕಗಳೂ ಪ್ರತಿವರ್ಷ ಅವಳ ಮನೆಯಲ್ಲೇ ಪೂಜೆಗೆ ಕೂರುತ್ತಿದ್ದವು. "ನಿನ್ನ ಆ ಪುಸ್ತಕಾನೂ ಕೊಡವಾ, ಪೂಜಾಕ್ಕ ಇಡೋಣಂತ," ಎಂದು ಹಿಂದಿನ ಶನಿವಾರ ಕೃತಿಯನ್ನು ಕೇಳಿದಳು. ಕೃತಿ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಎರಡೂ ಕೈಯಿಂದ ಕೊಟ್ಟಳು. ಕೇಳಿದಾಗ ನನ್ನ ಮನಸ್ಸಿನಲ್ಲಿ ಕಪಟ ಇರಲಿಲ್ಲ ಎಂದು ರತ್ನಾಬಾಯಿ ಆಮೇಲೆ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳಲಿ, ನಾವೇಕೆ ಅಡ್ಡ ಬರೋಣ.

ವಿಜಯದಶಮಿಯ ಬೆಳಿಗ್ಗೆ ಏಳಕ್ಕೆ ಎದ್ದು, ಮಿಂದು, ವಿಸರ್ಜನೆ ಮಾಡಿ, ಆರತಿ ಎತ್ತಿ, ಗಂಡನಿಗೆ ತೀರ್ಥ ಕೊಟ್ಟಳು. ಕೆಂಪು ವಸ್ತ್ರ ಸರಿಸಿ ಪುಸ್ತಕಗಳನ್ನು ಚೀಲಕ್ಕೆ ತುಂಬಲು ಬಗ್ಗಿದಳು. ಆಗ ಮಹಡಿಯಿಂದ ಗಾರ್ಗಿಯ ದನಿ ಕೇಳಿಸಿತು. ಸ್ಪಷ್ಟವಾಗಿ, ಮುದ್ದಾಗಿ, ಎಲ್ಲೂ ತೊದಲದೆ: "ಇದು ಮಿಲ್ಲರ್ಸ್ ಬೆಂಡ್. ಬನ್ನಿ, ನಮ್ಮ ಬಸ್ಸು ಹತ್ತಿ. ನಿಮಗೆ ಊರು ತೋರಿಸುತ್ತೇನೆ." ಕೃತಿ ಮಾತಾಡಿದ ಹಾಗೇ ಇತ್ತು. ಎಳೆತ, ನಿಲುಗಡೆ, ಎಲ್ಲ ಅವಳದೇ. ಇವತ್ತು ನೂರು ಜನರ ಮುಂದೆ ಈ ಕೂಸು ಹೀಗೆ ಓದುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಕೃತಿಯ ಕಡೆ ತಿರುಗಿ ತಟ್ಟುತ್ತಾರೆ. ನಾನು ಕುರ್ಚಿ ಮಡಚುತ್ತಾ ನಿಂತಿರುತ್ತೇನೆ.

ರತ್ನಾಬಾಯಿ ಪುಸ್ತಕಗಳನ್ನು ಇದ್ದ ಹಾಗೇ ಇಟ್ಟು ಕೆಂಪು ವಸ್ತ್ರ ಮುಚ್ಚಿದಳು.

ಬಸ್ಸು ಹೆಗಲಿಗೇರಿಸಿಕೊಂಡು ಇಳಿದು ಬಂದ ಗಾರ್ಗಿಗೆ, "ನಕ್ಷತ್ರ ಇನ್ನ ಮುಗದಿಲ್ಲವಾ. ನಾಳೆ ತನಕ ಪುಸ್ತಕ ಮುಟ್ಟಂಗಿಲ್ಲ," ಎಂದಳು. ಗಾರ್ಗಿ ಕೆಂಪು ವಸ್ತ್ರವನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಎಂಟು ವರ್ಷದ ಹುಡುಗಿಗೆ ನಕ್ಷತ್ರದ ಲೆಕ್ಕ ಏನು ಗೊತ್ತು? "ಓಕೆ," ಎಂದಳು. ಆ ಓಕೆಯಲ್ಲಿ ಸದ್ದೇ ಇರಲಿಲ್ಲ.

ಹಾಲಿನಲ್ಲಿ ವಿಷಯ ಹೇಳಿದಾಗ ಕೃತಿಯ ಮುಖ ಸಣ್ಣಗಾಯಿತು. "ಮಕ್ಕಳಿಗೆ ಬಾಯಿಪಾಠ ಆಗಿದೆ ಆಂಟಿ. ಪುಸ್ತಕ ಇಲ್ಲದೇನೇ ಹೇಳಬಹುದಾ?"

"ಪುಸ್ತಕ ಎದ್ದಿಲ್ಲ ಅಂದ್ರ ಅದರಾಗಿನ ಮಾತೂ ಎದ್ದಿಲ್ಲ," ಎಂದಳು ರತ್ನಾಬಾಯಿ. ಇಂಥ ಶಾಸ್ತ್ರ ಯಾವ ಮಠದಲ್ಲೂ ಇಲ್ಲ. ಹೇಳುವಾಗ ಅವಳ ಕಿವಿ ಕಾದಿತ್ತು, ಆದರೂ ಹೇಳಿದಳು.

ಕೃತಿ ಅವಳನ್ನು ಒಂದು ಗಳಿಗೆ ದಿಟ್ಟಿಸಿ, "ಪರವಾಗಿಲ್ಲ ಆಂಟಿ. ಶಾಸ್ತ್ರ ಅಂದ್ಮೇಲೆ ಶಾಸ್ತ್ರ," ಎಂದಳು.

ಮಕ್ಕಳನ್ನು ಸಾಲಾಗಿ ನಿಲ್ಲಿಸಿ ರತ್ನಾಬಾಯಿ ವರ್ಣಮಾಲೆ ಹೇಳಿಸಿದಳು. ಅ ಆ ಇ ಈ. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿ ಪುಳಿಯೋಗರೆಯ ಕಡೆ ನಡೆದರು. ಸಾಲಿನ ಕೊನೆಯಲ್ಲಿ ಗಾರ್ಗಿ ಹಳದಿ ಬಸ್ಸಿನೊಳಗೆ ನಿಂತಿದ್ದಳು. ಅವಳ ತುಟಿ ಒಂದು ಅಕ್ಷರಕ್ಕೂ ಅಲ್ಲಾಡಲಿಲ್ಲ. ಗೆದ್ದೆನಲ್ಲ ಎಂದು ರತ್ನಾಬಾಯಿ ಮನಸ್ಸಿನಲ್ಲಿ ಅಂದುಕೊಂಡಳು, ಆದರೆ ಗೆದ್ದವರಿಗೆ ಹಸಿವಾಗಬೇಕು, ಅವಳಿಗೆ ಪುಳಿಯೋಗರೆ ಸೇರಲಿಲ್ಲ.

ಮನೆಗೆ ಬಂದ ಮೇಲೆ ಗಾರ್ಗಿ ಮಹಡಿಗೆ ಹೋದಳು. ಲಕ್ಷ್ಮೀಶ ಶೂ ಬಿಚ್ಚುತ್ತಾ, "ವಿಸರ್ಜನ ಮುಂಜಾನೇನ ಆತಲ್ಲ? ನನಗ ತೀರ್ಥ ಕೊಟ್ಟಿ," ಎಂದ ಮೆಲ್ಲಗೆ.

"ನಿಮಗ್ಯಾಕ ಬೇಕು ಊರ ಉಸಾಬರಿ?"

ಅವನು ಸೋಫಾ ಸೇರಿದ. ಸಂಜೆ ಐದರ ಹೊತ್ತಿಗೆ ರತ್ನಾಬಾಯಿ ಕೆಂಪು ವಸ್ತ್ರ ತೆಗೆದು, ಆ ಪುಸ್ತಕವನ್ನೊಂದೇ ಎತ್ತಿಕೊಂಡು ಅಡಿಗೆಮನೆಯ ಮೇಜಿಗೆ ಬಂದಳು. ಕನ್ನಡಕ ಏರಿಸಿದಳು. ಏನಿದೆಯಂತೆ ಇದರಲ್ಲಿ ಅಂಥ ಘನಂದಾರಿ? ನೂರು ತಪ್ಪು ಹುಡುಕುತ್ತೇನೆ ಎಂದೇ ಕುಳಿತದ್ದು.

"ಈ ಊರಿನಲ್ಲಿ ಯಾರೂ ಮನೆಗೆ ಬೀಗ ಹಾಕುವುದಿಲ್ಲ. ಬೀಗ ಹಾಕಿದರೆ ಪಕ್ಕದ ಮನೆಯವರು ಹಣ್ಣು ತುಂಬಿದ ಪೈ ತಂದು ಒಳಗಿಡುವುದು ಹೇಗೆ?" ಎಂದಿತ್ತು ಐದನೆಯ ಪುಟ. ಏಳನೆಯ ಪುಟದಲ್ಲಿ ಲೈಬ್ರರಿಯ ಬೆಕ್ಕುಗಳು. ಅವು ಬುಧವಾರ ಮಾತ್ರ ಎದ್ದು ಕೂರುತ್ತವೆ, ಯಾಕೆಂದರೆ ಬುಧವಾರ ಮಕ್ಕಳಿಗೆ ಕಥೆ ಹೇಳುವ ದಿನ. ಒಂಬತ್ತನೆಯ ಪುಟದಲ್ಲಿ ಹಿಮ. "ಹಿಮ ಬಿದ್ದ ದಿನ ಎಷ್ಟು ಮೌನ ಎಂದರೆ, ನಾನು ಅಡಿಗೆಮನೆಯಲ್ಲಿ ಜೋರಾಗಿ ಕನ್ನಡ ಮಾತಾಡುತ್ತಿದ್ದೆ. ಒಲೆಯ ಹತ್ತಿರ, ಪಾತ್ರೆಗಳ ಹತ್ತಿರ. ಅವು ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದವು." ರತ್ನಾಬಾಯಿ ಆ ಪುಟ ತಿರುಗಿಸಲು ಸ್ವಲ್ಪ ತಡ ಮಾಡಿದಳು. ಹ್ಞಾಂ, ಚೆನ್ನಾಗಿಯೇ ಬರೆದಿದ್ದಾಳೆ ಹಾಳಾದವಳು. ನನಗೇಕೆ ಹೀಗೆ ಬರೆಯಲು ಬರಲಿಲ್ಲ? ನಾನೂ ಎಪ್ಪತ್ತೊಂದರಲ್ಲಿ ಪಾತ್ರೆಗಳ ಜೊತೆ ಮಾತಾಡಿದವಳೇ.

ಹನ್ನೆರಡನೆಯ ಪುಟದಲ್ಲಿ ಜುಲೈ ತಿಂಗಳ ಮೆರವಣಿಗೆ ಇತ್ತು. "ಮೆರವಣಿಗೆಯಲ್ಲಿ ಊರಿನವರೆಲ್ಲ ನಡೆಯುತ್ತಾರೆ. ಹಾಗಾಗಿ ನೋಡುವುದಕ್ಕೆ ಯಾರೂ ಉಳಿಯುವುದಿಲ್ಲ. ಅದಕ್ಕೆ ಅರ್ಧ ದಾರಿಯಲ್ಲಿ ನಿಂತು, ಮುಂದಿನವರು ಫುಟ್‌ಪಾತಿಗೆ ಹೋಗಿ ಹಿಂದಿನವರನ್ನು ನೋಡುತ್ತಾರೆ. ಆಮೇಲೆ ಹಿಂದಿನವರು ಹೋಗಿ ಮುಂದಿನವರನ್ನು ನೋಡುತ್ತಾರೆ. ಕೊನೆಗೆ ಮೇಯರು ತಾವು ಯಾವ ಕಡೆ ಎಂದು ಗೊತ್ತಾಗದೆ ಐಸ್ ಕ್ರೀಮ್ ತಿನ್ನಲು ಹೋಗುತ್ತಾರೆ." ಪಕ್ಕದಲ್ಲಿ ಯಾವುದೋ ಮಗು ಬರೆದ ಗುಂಡು ಮೇಯರ್. ರತ್ನಾಬಾಯಿಗೆ ನಗು ತಡೆಯಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ಗೊಳ್ಳೆಂದು ಬಂದೇಬಿಟ್ಟಿತು.

ತಲೆ ಎತ್ತಿದರೆ ಬಾಗಿಲಲ್ಲಿ ಗಾರ್ಗಿ.

ಮಗು ಮೇಜಿನ ಮೇಲಿನ ಪುಸ್ತಕ ನೋಡಿತು. ದೇವರ ಮುಂದೆ ಮಡಚಿಟ್ಟ ಕೆಂಪು ವಸ್ತ್ರವನ್ನೂ ನೋಡಿತು. ನಾಳೆಯ ತನಕ ಯಾರೂ ಮುಟ್ಟುವಂತಿಲ್ಲ ಎಂದ ಅಜ್ಜಿಯ ಬೆರಳು ಹನ್ನೆರಡನೆಯ ಪುಟದ ಮೇಲಿತ್ತು.

"ಅಜ್ಜಿ, ನೀ ಸುಳ್ಳು ಹೇಳಿದಿ."

ರತ್ನಾಬಾಯಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು. ಕನ್ನಡದಲ್ಲಿ ಹೇಳಿತು ಕೂಸು. ತನಗೇ ಹೇಳಿತು. ಅದು ಕೃತಿಯ ಮಾತೂ ಅಲ್ಲ. "ಹೇಳಿದಿ" ಎಂದು, ಪಕ್ಕಾ ಧಾರವಾಡದ ಮಾಳಮಡ್ಡಿಯ ಮನೆಯಲ್ಲಿ ಆಡಿದ ಹಾಗೆ. ಎಂಟು ವರ್ಷ ಈ ಮನೆಯಲ್ಲಿ ಕೇಳಿಸಿಕೊಂಡದ್ದು ಎಲ್ಲೂ ಹೋಗಿರಲಿಲ್ಲ. ಎಷ್ಟು ಸಲ ಅವಳು ಈ ಗಳಿಗೆಯನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಳು! "ಅಜ್ಜಿ, ನನಗ ಹಸಿವ್ಯಾಗೇದ" ಎನ್ನಬಹುದು, "ಅಜ್ಜಿ, ಕಥಿ ಹೇಳು" ಎನ್ನಬಹುದು, ತಾನು ಓಡಿ ಹೋಗಿ ಅಪ್ಪಿಕೊಳ್ಳಬಹುದು ಎಂದು. ಈಗ ಅಪ್ಪಿಕೊಳ್ಳಲು ಕೈ ಏಳಲಿಲ್ಲ. ಕಳ್ಳರನ್ನು ನೋಡುವ ಹಾಗೆ ನೋಡುತ್ತಿತ್ತು ಮಗು.

"ಹೂಂ," ಎಂದಳು. "ಹೇಳಿದೆ."

"ಯಾಕ?"

ನಕ್ಷತ್ರ, ತಿಥಿ, ನಾಲ್ಕೂವರೆ ಗಂಟೆ, ಎಲ್ಲ ನಾಲಗೆಯ ತುದಿಗೆ ಬಂದವು. ಒಂದೂ ಹೊರಬೀಳಲಿಲ್ಲ. "ಹೊಟ್ಟಿಕಿಚ್ಚಿಗೆ," ಎಂದಳು ರತ್ನಾಬಾಯಿ. "ನೀ ಕೃತಿ ಜೋಡಿ ಕನ್ನಡ ಮಾತಾಡ್ತಿ. ನನ್ನ ಜೋಡಿ ಮಾತಾಡಂಗಿಲ್ಲ. ಅದನ್ನ ನೋಡಿ ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ."

ಇದನ್ನು ಕೇಳಿ ಮಗು ಕರಗಿ ಬಂದು ತೊಡೆ ಏರಿತು ಎಂದು ಹೇಳಲು ನನಗೂ ಆಸೆಯೇ. ಏರಲಿಲ್ಲ. ಮೂರು ವಾರ ಬಾಗಿಲು ಹಾಕಿಕೊಂಡು ಕಲಿತ ಹುಡುಗಿ ಅದು. ಹತ್ತಿರ ಬಂದು ಪುಸ್ತಕ ಎತ್ತಿಕೊಂಡು ಎದೆಗೆ ಹಿಡಿದುಕೊಂಡಿತು. "ಕೃತಿ ಆಂಟಿಗೂ ಹೇಳು," ಎಂದಿತು. "ಈಗ ಹೇಳು." ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಹಾಕಿಕೊಂಡಿತು.

ಫೋನು ಇದ್ದದ್ದು ಮೆಟ್ಟಿಲ ಬುಡದಲ್ಲಿ. ರತ್ನಾಬಾಯಿ ನಂಬರು ಒತ್ತಿದಳು. "ಕೃತಿ, ವಿಸರ್ಜನ ಮುಂಜಾನೇನ ಮುಗದಿತ್ತವಾ. ನಾನ ಬೇಕಂತ ಪುಸ್ತಕ ಮುಚ್ಚಿಟ್ಟೆ."

"ನನಗೆ ಗೊತ್ತಿತ್ತು ಆಂಟಿ," ಎಂದಳು ಕೃತಿ. "ಬೆಳಿಗ್ಗೆ ಅಮ್ಮ ಫೋನ್ ಮಾಡಿದ್ರು. ಊರಲ್ಲಿ ಎಲ್ಲ ಮುಗೀತು ಅಂದ್ರು."

"ಮತ್ತ ಹಾಲಿನಾಗ ಯಾಕ ಸುಮ್ಮನಿದ್ದಿ?"

"ಗಾರ್ಗಿ ಎದುರಿಗೇ ನಿಮ್ಮನ್ನ ಹೇಗೆ ಆಂಟಿ..."

ರತ್ನಾಬಾಯಿ ಫೋನು ಕೆಳಗಿಟ್ಟಳು. ಅವಳಿಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಇಷ್ಟಾದರೂ ಬುದ್ಧಿ ಬಾರದೆ, ಇಷ್ಟು ಒಳ್ಳೆಯತನ ಇವಳಿಗಾದರೂ ಎಲ್ಲಿಂದ ಬಂತು ಎಂದು ಅದರ ಮೇಲೂ ಹೊಟ್ಟೆಕಿಚ್ಚಾಯಿತು.

ಆಗ ಮೇಲಿನಿಂದ ಓದುವ ದನಿ ಬಂತು. ಮುಚ್ಚಿದ ಬಾಗಿಲಿನ ಹಿಂದೆ ಗಾರ್ಗಿ ತನ್ನ ಬಟ್ಟೆಯ ಮೊಲವನ್ನು ಕೂರಿಸಿಕೊಂಡು ಮೊದಲನೆಯ ಪುಟದಿಂದ ಓದತೊಡಗಿದ್ದಳು. ರತ್ನಾಬಾಯಿ ಮಂಡಿ ನೋವನ್ನೂ ಲೆಕ್ಕಿಸದೆ ಮೆಟ್ಟಿಲು ಹತ್ತಿದಳು. ಬಾಗಿಲ ತನಕ ಹೋಗಿ ಕೈ ಎತ್ತಿದಳು, ತಟ್ಟಲು ಧೈರ್ಯ ಸಾಲಲಿಲ್ಲ. ಎರಡು ಮೆಟ್ಟಿಲು ಕೆಳಗಿಳಿದು ಅಲ್ಲೇ ಕುಳಿತಳು. ಒಳಗೆ ಮಗು ಓದುವುದನ್ನು ನಿಲ್ಲಿಸಿ, "ತಿಳೀತಿಲ್ಲೋ ನಿನಗ?" ಎಂದು ಮೊಲವನ್ನು ಕೇಳಿತು.

ಲಕ್ಷ್ಮೀಶ ಎದ್ದು ಬಂದು ಕೆಳಗಿನಿಂದ, "ಅಲ್ಲೆ ಯಾಕ ಕೂತಿ? ಚಹಾ ಇಲ್ಲೇನು?" ಎಂದ.

"ಸ್ವಲ್ಪ ಸುಮ್ಮನಿರ್ರಿ," ಎಂದಳು ರತ್ನಾಬಾಯಿ, ಕಣ್ಣೊರೆಸಿಕೊಳ್ಳುತ್ತಾ. "ನಮ್ಮ ಹುಡುಗಿ ಮೊಲದ ಜೋಡಿ ಮಾತಾಡ್ಲಿಕ್ಕತ್ತದ."